ಭಾರಿ ಯಂತ್ರಗಳ ಸಿಮ್ಯುಲೇಟರ್ ತರಬೇತಿ

ಭಾರಿ ಯಂತ್ರಗಳ ಸಿಮ್ಯುಲೇಟರ್ ತರಬೇತಿ ಎಂದರೆ ಎಕ್ಸ್‌ಕವೇಟರ್, ಬ್ಯಾಕ್‌ಹೋ ಲೋಡರ್, ಡೋಜರ್, ಡಂಪರ್, ಕ್ರೇನ್ ಮೊದಲಾದ ಯಂತ್ರಗಳನ್ನು ಸುರಕ್ಷಿತವಾಗಿ ನಡೆಸುವುದನ್ನು, ನಿಜವಾದ ಯಂತ್ರವನ್ನು ಏರುವ ಮೊದಲು, ಅದರ ಕ್ಯಾಬಿನ್ನನ್ನು ಹೋಲುವ ಅನುಕರಣ ಯಂತ್ರದಲ್ಲಿ ಕಲಿಸುವ ವಿಧಾನ. ಕಲಿಯುವವರು ಬಳಸುವ ಲಿವರ್ ಮತ್ತು ಪೆಡಲ್‌ಗಳು ನಿಜವಾದವು. ಅವುಗಳಿಗೆ ಅನುಗುಣವಾಗಿ ಚಲಿಸುವ ಯಂತ್ರ ಮಾತ್ರ ಪರದೆಯ ಮೇಲಿರುತ್ತದೆ. ಯಂತ್ರ ಉರುಳಿದರೂ ಯಾರಿಗೂ ಪೆಟ್ಟಾಗುವುದಿಲ್ಲ ಎಂಬುದು ಈ ವಿಧಾನದ ಪ್ರಧಾನ ಗುಣ. ವಿಮಾನ ಚಾಲಕರ ತರಬೇತಿಗಾಗಿ ಹುಟ್ಟಿದ ಈ ಪದ್ಧತಿಯು 1990ರ ದಶಕದಿಂದ ಗಣಿಗಾರಿಕೆ ಮತ್ತು ನಿರ್ಮಾಣ ಕ್ಷೇತ್ರಗಳಲ್ಲಿ ಹರಡಿತು. ಇದು ನಿಜವಾದ ಯಂತ್ರದ ಮೇಲಿನ ತರಬೇತಿಗೆ ಪೂರ್ವಸಿದ್ಧತೆಯೇ ಹೊರತು ಅದಕ್ಕೆ ಬದಲಿಯಲ್ಲ.

ಉತ್ತರ ಕರ್ನಾಟಕದ ಕೊಪ್ಪಳ ಜಿಲ್ಲೆಯಂತೆ ಕಲ್ಲುಗಣಿ, ಉಕ್ಕಿನ ಕಾರ್ಖಾನೆ, ನೀರಾವರಿ ಕಾಲುವೆ, ರೈಲುಮಾರ್ಗ ಮತ್ತು ಗಾಳಿ ವಿದ್ಯುತ್ ಘಟಕಗಳು ಹತ್ತಿರ ಹತ್ತಿರದಲ್ಲೇ ಇರುವ ಪ್ರದೇಶಗಳಲ್ಲಿ ಇಂತಹ ಯಂತ್ರಗಳ ಬಳಕೆ ವ್ಯಾಪಕವಾಗಿದೆ. ಅವುಗಳನ್ನು ನಡೆಸುವವರು ಕೆಲಸವನ್ನು ಎಲ್ಲಿ, ಹೇಗೆ ಕಲಿಯುತ್ತಾರೆ ಎಂಬುದು ಅಲ್ಲಿ ಸುರಕ್ಷತೆಯ ಮುಖ್ಯ ಪ್ರಶ್ನೆಯಾಗುತ್ತದೆ.

ಹೆಸರು ಮತ್ತು ವ್ಯಾಪ್ತಿ

ಸಿಮ್ಯುಲೇಟರ್ ಎಂಬ ಪದಕ್ಕೆ ಕನ್ನಡದಲ್ಲಿ ಅನುಕರಣ ಯಂತ್ರ, ಅಣಕು ಯಂತ್ರ ಎಂಬ ಪದಗಳು ಬಳಕೆಯಲ್ಲಿದ್ದರೂ ಮೂಲ ಪದವೇ ಹೆಚ್ಚು ಪರಿಚಿತ. ಯಂತ್ರಗಳ ಹೆಸರುಗಳೂ ಜನರ ಬಾಯಲ್ಲಿ ಬೇರೆ ರೂಪ ತಾಳಿವೆ. ಮುಂದೆ ಬಕೆಟ್, ಹಿಂದೆ ಅಗೆಯುವ ತೋಳು ಇರುವ ಬ್ಯಾಕ್‌ಹೋ ಲೋಡರನ್ನು ತಯಾರಿಕಾ ಸಂಸ್ಥೆಯ ಹೆಸರಿನಿಂದ ‘ಜೆಸಿಬಿ’ ಎಂದೂ, ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವ ಎಕ್ಸ್‌ಕವೇಟರನ್ನು ‘ಹಿಟಾಚಿ’ ಎಂದೂ ಕರೆಯುವುದು ರೂಢಿ. ಮಣ್ಣು, ಜಲ್ಲಿ ಸಾಗಿಸುವ ಲಾರಿ ‘ಟಿಪ್ಪರ್’. ಗಣಿಯೊಳಗಷ್ಟೇ ಓಡುವ ಬೃಹತ್ ವಾಹನ ‘ಡಂಪರ್’. ಇವುಗಳನ್ನು ನಡೆಸುವವರಿಗೆ ಆಪರೇಟರ್ ಎನ್ನುತ್ತಾರೆ.

ಹಿನ್ನೆಲೆ

ಭಾರತದ ಬಹುಭಾಗದಲ್ಲಿ ಆಪರೇಟರ್ ಕೆಲಸವನ್ನು ಶಾಲೆಯಲ್ಲಿ ಕಲಿಯುವ ರೂಢಿ ಇಲ್ಲ. ಯುವಕನೊಬ್ಬ ಮೊದಲು ಹೆಲ್ಪರ್ ಆಗಿ ಸೇರುತ್ತಾನೆ. ಯಂತ್ರ ತೊಳೆಯುವುದು, ಗ್ರೀಸ್ ಹಾಕುವುದು, ಡೀಸೆಲ್ ತುಂಬುವುದು, ಹಿಂದೆ ಸರಿಯುವಾಗ ದಾರಿ ತೋರುವುದು ಅವನ ಕೆಲಸ. ಹಿರಿಯ ಆಪರೇಟರ್ ಊಟಕ್ಕೆ ಇಳಿದಾಗ ಅಥವಾ ಕೆಲಸ ಕಡಿಮೆ ಇದ್ದಾಗ ಲಿವರ್ ಹಿಡಿಯುವ ಅವಕಾಶ ದೊರೆಯುತ್ತದೆ. ನೋಡಿ ಕಲಿಯುವ ಈ ಪರಂಪರೆಯಿಂದ ಸಮರ್ಥರಾದವರು ಅನೇಕರು. ಯಂತ್ರದ ಸದ್ದಿನಿಂದಲೇ ದೋಷವನ್ನು ಗುರುತಿಸುವ, ಬಕೆಟ್ಟಿನ ತುದಿಯಿಂದ ನೆಲದ ಗಟ್ಟಿತನವನ್ನು ಅರಿಯುವ ಜಾಣ್ಮೆ ಅವರಿಗೆ ಈ ಸಹವಾಸದಿಂದಲೇ ಬಂದಿರುತ್ತದೆ.

ಆದರೆ ಈ ಕ್ರಮದಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಕಲಿಕೆಯ ಮೊದಲ ತಪ್ಪುಗಳು ನಿಜವಾದ ಕೆಲಸದ ಸ್ಥಳದಲ್ಲಿ, ಸುತ್ತಮುತ್ತ ಜನರಿರುವಾಗಲೇ ನಡೆಯುತ್ತವೆ. ಎರಡನೆಯದಾಗಿ, ಗುರುವಿನ ಕೌಶಲದ ಜೊತೆಗೆ ಅವರ ದುರಭ್ಯಾಸಗಳೂ ಶಿಷ್ಯನಿಗೆ ಬರುತ್ತವೆ. ಸೀಟ್ ಬೆಲ್ಟ್ ಕಟ್ಟದಿರುವುದು, ಬಕೆಟ್ಟಿನಲ್ಲಿ ಜನರನ್ನು ಎತ್ತುವುದು, ಬೂಮ್ ಮೇಲಿರುವಾಗಲೇ ಕ್ಯಾಬಿನ್ನಿನಿಂದ ಇಳಿಯುವುದು ಇಂತಹ ಅಭ್ಯಾಸಗಳು. ಇವುಗಳಿಂದ ದಿನವೂ ಅಪಘಾತವಾಗುವುದಿಲ್ಲ. ಆದ್ದರಿಂದಲೇ ಇವು ತಪ್ಪೆಂದು ಯಾರಿಗೂ ತೋರುವುದಿಲ್ಲ.

ಇತಿಹಾಸ

ಸಿಮ್ಯುಲೇಟರ್ ತರಬೇತಿಯ ಮೂಲ ವಿಮಾನಯಾನದಲ್ಲಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್ ಪಟ್ಟಣದ ಎಡ್ವಿನ್ ಲಿಂಕ್ ಅವರ ಕುಟುಂಬವು ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿತ್ತು. ಆ ವಾದ್ಯಗಳಲ್ಲಿ ಬಳಸುತ್ತಿದ್ದ ಗಾಳಿತಿದಿಗಳನ್ನೇ ಅಳವಡಿಸಿ, ನೆಲದ ಮೇಲೆ ನಿಂತಲ್ಲೇ ಓಲಾಡುವ ವಿಮಾನದ ಮಾದರಿಯೊಂದನ್ನು ಲಿಂಕ್ 1929ರಲ್ಲಿ ಸಿದ್ಧಪಡಿಸಿದರು. ಆರಂಭದಲ್ಲಿ ಅದನ್ನು ಹೆಚ್ಚಾಗಿ ಜಾತ್ರೆ, ವಿನೋದ ಕೇಂದ್ರಗಳ ಆಟಿಕೆಯಂತೆ ನೋಡಲಾಯಿತು. 1934ರಲ್ಲಿ ಅಮೆರಿಕದ ಸೇನೆಯು ಅಂಚೆ ಸಾಗಿಸುವ ಹೊಣೆ ಹೊತ್ತಾಗ, ಮೋಡ ಮತ್ತು ಕತ್ತಲೆಯಲ್ಲಿ ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ ಹಲವು ಚಾಲಕರು ಕೆಲವೇ ವಾರಗಳಲ್ಲಿ ಮೃತಪಟ್ಟರು. ಅನಂತರ ಸೇನೆಯು ಲಿಂಕ್ ಅವರ 6 ತರಬೇತಿ ಯಂತ್ರಗಳನ್ನು ಖರೀದಿಸಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವು ವಿಮಾನ ತರಬೇತಿಯ ಅವಿಭಾಜ್ಯ ಅಂಗವಾದವು.

ಗಣಕಯಂತ್ರಗಳ ಬೆಳವಣಿಗೆಯೊಂದಿಗೆ ಈ ವಿಧಾನ ಇತರ ಕ್ಷೇತ್ರಗಳಿಗೆ ಹರಡಿತು. 1965ರಲ್ಲಿ ಡಿ. ಸ್ಟೀವರ್ಟ್ ಅವರು ಪ್ರಕಟಿಸಿದ, ಆರು ಉದ್ದ-ಗಿಡ್ಡವಾಗುವ ಕಾಲುಗಳ ಮೇಲೆ ನಿಂತ ವೇದಿಕೆಯ ವಿನ್ಯಾಸವು ಚಲಿಸುವ ಸಿಮ್ಯುಲೇಟರ್‌ಗಳಿಗೆ ಆಧಾರಗಳಲ್ಲಿ ಒಂದಾಯಿತು. ಗಣಿ ಯಂತ್ರಗಳ ಸಿಮ್ಯುಲೇಟರ್ ತಯಾರಿಸುವ ಇಮ್ಮರ್ಸಿವ್ ಟೆಕ್ನಾಲಜೀಸ್ ಸಂಸ್ಥೆ 1993ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ಥಾಪನೆಗೊಂಡಿತು. 2019ರಲ್ಲಿ ಜಪಾನಿನ ಕೊಮಾಟ್ಸು ಸಂಸ್ಥೆ ಅದನ್ನು ಕೊಂಡುಕೊಂಡಿತು. ಇಂದು ಯಂತ್ರ ತಯಾರಕರಲ್ಲಿ ಹಲವರು ತಮ್ಮ ಯಂತ್ರಗಳಿಗೆ ಹೊಂದುವ ಸಿಮ್ಯುಲೇಟರ್‌ಗಳನ್ನೂ ಒದಗಿಸುತ್ತಾರೆ.

ರಚನೆ

ಸಿಮ್ಯುಲೇಟರ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ.

ಕ್ಯಾಬಿನ್: ಆಸನ, ಸೀಟ್ ಬೆಲ್ಟ್, ಜಾಯ್‌ಸ್ಟಿಕ್, ಪೆಡಲ್, ಮೀಟರ್ ಫಲಕ, ಹಾರ್ನ್ ಇವೆಲ್ಲ ನಿಜವಾದ ಯಂತ್ರದಲ್ಲಿರುವ ಸ್ಥಾನದಲ್ಲೇ ಇರುತ್ತವೆ.

ದೃಶ್ಯ ವ್ಯವಸ್ಥೆ: ಮುಂದೆ ಮತ್ತು ಪಕ್ಕಗಳಲ್ಲಿ ಪರದೆಗಳು, ಇಲ್ಲವೆ ತಲೆಗೆ ಧರಿಸುವ ಕನ್ನಡಕ. ಕನ್ನಡಿಗಳಲ್ಲಿ ಕಾಣುವ ನೋಟವನ್ನೂ ಪ್ರತ್ಯೇಕವಾಗಿ ತೋರಿಸಲಾಗುತ್ತದೆ.

ಚಲನ ವೇದಿಕೆ: ಕ್ಯಾಬಿನ್ನನ್ನು ಓಲಿಸಿ, ಅದುರಿಸಿ, ವಾಲಿಸುವ ವ್ಯವಸ್ಥೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಇದು ಇರುವುದಿಲ್ಲ.

ಬೋಧಕರ ಮೇಜು: ಬೋಧಕರು ಇಲ್ಲಿಂದ ಮಳೆ, ಧೂಳು, ರಾತ್ರಿ ಮುಂತಾದ ಸನ್ನಿವೇಶಗಳನ್ನು ಬದಲಿಸಬಹುದು; ಬ್ರೇಕ್ ವಿಫಲವಾಗುವುದು, ಟೈರ್ ಸಿಡಿಯುವುದು, ಎಂಜಿನ್ನಿಗೆ ಬೆಂಕಿ ಹತ್ತುವುದು ಮೊದಲಾದ ತೊಂದರೆಗಳನ್ನು ಮುನ್ಸೂಚನೆಯಿಲ್ಲದೆ ಒಡ್ಡಬಹುದು. ಇಡೀ ಅಭ್ಯಾಸ ದಾಖಲಾಗುವುದರಿಂದ ತಪ್ಪು ನಡೆದ ಕ್ಷಣವನ್ನು ಮತ್ತೆ ಮತ್ತೆ ತೋರಿಸಲು ಸಾಧ್ಯ.

ಲಿವರ್‌ಗಳ ವಿನ್ಯಾಸ ವಿಶೇಷ ಗಮನ ಬೇಡುವ ವಿಷಯ. ಎಕ್ಸ್‌ಕವೇಟರ್‌ನ ಎರಡು ಜಾಯ್‌ಸ್ಟಿಕ್‌ಗಳಿಗೆ ಎರಡು ಬಗೆಯ ಹೊಂದಾಣಿಕೆ ಪ್ರಚಲಿತವಾಗಿವೆ. ಐಎಸ್‌ಒ ಕ್ರಮದಲ್ಲಿ ಎಡಗೈ ಲಿವರನ್ನು ಮುಂದೆ-ಹಿಂದೆ ಮಾಡಿದರೆ ತೋಳಿನ ಹೊರಭಾಗ, ಅಂದರೆ ಆರ್ಮ್ ಚಲಿಸುತ್ತದೆ; ಬಲಗೈ ಲಿವರನ್ನು ಹಾಗೆ ಮಾಡಿದರೆ ಬೂಮ್ ಏರಿಳಿಯುತ್ತದೆ. ಎಸ್‌ಎಇ ಕ್ರಮದಲ್ಲಿ ಇವೆರಡೂ ಅದಲುಬದಲು. ಒಂದು ಕ್ರಮಕ್ಕೆ ಒಗ್ಗಿದ ಕೈ ಇನ್ನೊಂದು ಕ್ರಮದ ಯಂತ್ರದಲ್ಲಿ ಗಾಬರಿಯಾದಾಗ ಹಳೆಯ ಅಭ್ಯಾಸದಂತೆಯೇ ಚಲಿಸುತ್ತದೆ. ಆರ್ಮ್ ಒಳಗೆ ಬರಬೇಕಾದ ಕಡೆ ಬೂಮ್ ಚಲಿಸಿಬಿಡುತ್ತದೆ. ಸಿಮ್ಯುಲೇಟರ್‌ನಲ್ಲಿ ಎರಡೂ ಕ್ರಮಗಳನ್ನು ಬದಲಿಸಿ ಅಭ್ಯಾಸ ಮಾಡಿಸಬಹುದು. ಹೊಸ ಯಂತ್ರವನ್ನು ಏರಿದಾಗ ಮೊದಲು ಅದರ ಕ್ರಮ ಯಾವುದೆಂದು ಪರೀಕ್ಷಿಸುವ ರೂಢಿಯನ್ನು ಇದು ಬೆಳೆಸುತ್ತದೆ.

ತರಬೇತಿಯ ಹಂತಗಳು

ಆಪರೇಟರ್ ತರಬೇತಿಯ ವಿಷಯ ಮತ್ತು ವಿಧಾನಗಳನ್ನು ಕುರಿತು ಐಎಸ್‌ಒ 7130 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ವಿವಿಧ ಕೇಂದ್ರಗಳ ಪಠ್ಯಕ್ರಮಗಳಲ್ಲಿ ವ್ಯತ್ಯಾಸಗಳಿದ್ದರೂ ಹಂತಗಳು ಸ್ಥೂಲವಾಗಿ ಹೀಗಿರುತ್ತವೆ.

1. ತರಗತಿ ಪಾಠ: ಯಂತ್ರದ ಭಾಗಗಳು, ಹೈಡ್ರಾಲಿಕ್ ವ್ಯವಸ್ಥೆ, ಎಚ್ಚರಿಕೆಯ ಚಿಹ್ನೆಗಳು, ಕೈಸನ್ನೆಗಳು.
2. ಯಂತ್ರದ ಸುತ್ತ ತಪಾಸಣೆ: ಎಣ್ಣೆ ಸೋರಿಕೆ, ಟೈರ್, ಪಿನ್ನು, ಹೋಸ್, ದೀಪಗಳ ಪರೀಕ್ಷೆ, ಏರುವಾಗ ಮತ್ತು ಇಳಿಯುವಾಗ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಯಂತ್ರವನ್ನು ಹಿಡಿದಿರಬೇಕೆಂಬ ನಿಯಮ.
3. ಸಿಮ್ಯುಲೇಟರ್‌ನಲ್ಲಿ ಸರಳ ಅಭ್ಯಾಸ: ಲಿವರ್‌ಗಳ ಪರಿಚಯ, ಚಲಿಸುವುದು, ನಿಲ್ಲಿಸುವುದು, ಹಿಂದೆ ಸರಿಯುವುದು.
4. ಸಿಮ್ಯುಲೇಟರ್‌ನಲ್ಲಿ ಕೆಲಸದ ಅಭ್ಯಾಸ: ಗುಂಡಿ ತೋಡುವುದು, ಟಿಪ್ಪರ್‌ಗೆ ಮಣ್ಣು ತುಂಬುವುದು, ಇಳಿಜಾರಿನಲ್ಲಿ ಕೆಲಸ ಮಾಡುವುದು.
5. ಸಿಮ್ಯುಲೇಟರ್‌ನಲ್ಲಿ ತುರ್ತು ಸನ್ನಿವೇಶಗಳು.
6. ಬೋಧಕರ ಸಮ್ಮುಖದಲ್ಲಿ, ಜನರಿಲ್ಲದ ಬಯಲಿನಲ್ಲಿ ನಿಜವಾದ ಯಂತ್ರದ ಮೇಲೆ ಅಭ್ಯಾಸ.
7. ಕೆಲಸದ ಸ್ಥಳದಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಹಾಗೂ ಅಂತಿಮ ಪರೀಕ್ಷೆ.

ಅಭ್ಯಾಸದ ಕೊನೆಯಲ್ಲಿ ಗಣಕಯಂತ್ರವು ಅಂಕಪಟ್ಟಿಯನ್ನು ನೀಡುತ್ತದೆ. ತುಂಬಿದ ಮಣ್ಣಿನ ಪ್ರಮಾಣ, ತೆಗೆದುಕೊಂಡ ಸಮಯ, ಉಳಿದ ಇಂಧನಗಳ ಜೊತೆಗೆ ಬೆಲ್ಟ್ ಕಟ್ಟಿದ್ದರೇ, ಹೊರಡುವ ಮೊದಲು ಹಾರ್ನ್ ಹಾಕಿದರೇ, ಬಕೆಟ್ಟನ್ನು ಟಿಪ್ಪರ್ ಕ್ಯಾಬಿನ್ನಿನ ಮೇಲಿಂದ ತಿರುಗಿಸಿದರೇ ಎಂಬುದೂ ಅದರಲ್ಲಿರುತ್ತದೆ. ಬೋಧಕರು ವೇಗವನ್ನಷ್ಟೇ ಹೊಗಳಿದರೆ ಕಲಿಯುವವರು ಅದನ್ನು ಆಟದಂತೆ ಕಾಣುತ್ತಾರೆ. ಆದ್ದರಿಂದ ಸುರಕ್ಷತೆಯ ಲೋಪವೊಂದೇ ಇದ್ದರೂ ಇಡೀ ಅಭ್ಯಾಸವನ್ನು ಅನುತ್ತೀರ್ಣವೆಂದು ಪರಿಗಣಿಸುವುದು ಉತ್ತಮ ಕ್ರಮ.

ಸುರಕ್ಷತೆಯ ಮುಖ್ಯ ಪಾಠಗಳು

ಯಂತ್ರ ಉರುಳುವುದು

ಭಾರಿ ಯಂತ್ರಗಳ ಕ್ಯಾಬಿನ್ನಿಗೆ ಉರುಳಿದಾಗ ನುಜ್ಜುಗುಜ್ಜಾಗದಂತೆ ತಡೆಯುವ ಉಕ್ಕಿನ ಚೌಕಟ್ಟನ್ನು ಅಳವಡಿಸಲಾಗುತ್ತದೆ. ಇದರ ಪರೀಕ್ಷೆಗೆ ಐಎಸ್‌ಒ 3471, ಮೇಲಿನಿಂದ ಬೀಳುವ ವಸ್ತುಗಳಿಂದ ರಕ್ಷಿಸುವ ಚೌಕಟ್ಟಿಗೆ ಐಎಸ್‌ಒ 3449 ಮಾನದಂಡಗಳಿವೆ. ಆದರೆ ಈ ಚೌಕಟ್ಟು ಕಾಪಾಡುವುದು ಅದರೊಳಗೆ ಉಳಿದವರನ್ನು ಮಾತ್ರ. ಯಂತ್ರ ವಾಲಿದೊಡನೆ ಹೊರಗೆ ಜಿಗಿಯಬೇಕೆನ್ನುವುದು ಮನುಷ್ಯನ ಸಹಜ ಪ್ರವೃತ್ತಿ. ಜಿಗಿದವರ ಮೇಲೆಯೇ ಯಂತ್ರ ಬೀಳುವ ಅಪಾಯವಿದೆ. ಬೆಲ್ಟ್ ಕಟ್ಟಿಕೊಂಡು ಆಸನವನ್ನು ಬಿಗಿಯಾಗಿ ಹಿಡಿದು ಒಳಗೇ ಉಳಿಯಬೇಕೆಂಬುದು ಪ್ರವೃತ್ತಿಗೆ ವಿರುದ್ಧವಾದ ಪಾಠವಾದ್ದರಿಂದ ಮಾತಿನಲ್ಲಿ ಹೇಳಿದರೆ ಸಾಲದು, ಅಭ್ಯಾಸವಾಗಬೇಕು. ನಿಜವಾದ ಯಂತ್ರವನ್ನು ಉರುಳಿಸಿ ಈ ಅಭ್ಯಾಸ ಮಾಡಿಸುವುದು ಸಾಧ್ಯವಿಲ್ಲ.

ವಿದ್ಯುತ್ ತಂತಿ

ಬೂಮ್, ಕ್ರೇನಿನ ತೋಳು ಅಥವಾ ಎತ್ತಿದ ಟಿಪ್ಪರ್ ಪೆಟ್ಟಿಗೆ ಮೇಲಿನ ತಂತಿಗೆ ತಗಲುವುದು ಮಾರಣಾಂತಿಕ ಅಪಘಾತಗಳಿಗೆ ಕಾರಣ. ತಗಲಿದಾಗ ಆಪರೇಟರ್ ಕ್ಯಾಬಿನ್ನಿನಲ್ಲೇ ಉಳಿದು, ಸಾಧ್ಯವಾದರೆ ತೋಳನ್ನು ತಂತಿಯಿಂದ ದೂರ ಸರಿಸಬೇಕು. ವಿದ್ಯುತ್ ಕಡಿತವಾಗುವವರೆಗೆ ಯಾರನ್ನೂ ಹತ್ತಿರ ಬರಗೊಡಬಾರದು. ಬೆಂಕಿಯಂತಹ ಕಾರಣದಿಂದ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದಗಳನ್ನು ಜೋಡಿಸಿ ಜಿಗಿಯಬೇಕು. ಅನಂತರ ಪಾದಗಳನ್ನು ಬೇರ್ಪಡಿಸದೆ ಜಾರಿಸುತ್ತ ದೂರ ಸಾಗಬೇಕು.

ಕಾಣದ ಜಾಗ ಮತ್ತು ವೇಗ

ದೊಡ್ಡ ಡಂಪರ್‌ನ ಸುತ್ತ ಚಾಲಕನಿಗೆ ಕಾಣದ ಜಾಗಗಳಿರುತ್ತವೆ; ಅಲ್ಲಿ ನಿಂತ ಮನುಷ್ಯನಷ್ಟೇ ಅಲ್ಲ, ಜೀಪು ಸಹ ಮರೆಯಾಗಬಲ್ಲದು. ಸಿಮ್ಯುಲೇಟರ್‌ನಲ್ಲಿ ಅಭ್ಯಾಸವನ್ನು ನಿಲ್ಲಿಸಿ, ಅದೇ ಕ್ಷಣವನ್ನು ಹೊರಗಿನಿಂದ ನೋಡುವ ಕೋನದಲ್ಲಿ ತೋರಿಸಿ, ಕಾಣದೆ ಉಳಿದದ್ದು ಏನೆಂದು ಮನಗಾಣಿಸಬಹುದು. ವೇಗದ ಲೆಕ್ಕವೂ ಹೀಗೆಯೇ. ಗಂಟೆಗೆ 30 ಕಿ.ಮೀ. ವೇಗದ ಡಂಪರ್ ಒಂದು ಸೆಕೆಂಡಿನಲ್ಲಿ ಸುಮಾರು 8.3 ಮೀಟರ್ ಸಾಗುತ್ತದೆ. ಚಾಲಕನು ಎರಡು ಸೆಕೆಂಡು ತಡವಾಗಿ ಎಚ್ಚೆತ್ತರೆ, ಬ್ರೇಕ್ ಒತ್ತುವ ಮೊದಲೇ 16 ಮೀಟರಿಗೂ ಹೆಚ್ಚು ದೂರ ಕಳೆದಿರುತ್ತದೆ. ತುಂಬಿದ ಡಂಪರ್ ಗಣಿಯ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಶಕ್ತಿ ಕಳೆದುಕೊಳ್ಳುತ್ತದೆ. ವೇಗವನ್ನು ತಗ್ಗಿಸಲು ರಿಟಾರ್ಡರ್ ಬಳಸುವುದನ್ನು ಕಲಿಸಲಾಗುತ್ತದೆ.

ಕ್ರೇನಿನ ಸಮತೋಲ

ಕ್ರೇನ್ ಎಷ್ಟು ಭಾರ ಎತ್ತಬಲ್ಲದು ಎಂಬುದು ಆ ಭಾರ ಕ್ರೇನಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. 5 ಟನ್ ಭಾರವು 4 ಮೀಟರ್ ದೂರದಲ್ಲಿದ್ದರೆ ಕ್ರೇನನ್ನು ಉರುಳಿಸುವ ಪರಿಣಾಮ 20 ಟನ್-ಮೀಟರ್. ಅದೇ ಭಾರ 8 ಮೀಟರ್ ದೂರಕ್ಕೆ ಹೋದರೆ 40 ಟನ್-ಮೀಟರ್. ಭಾರ ಬದಲಾಗದಿದ್ದರೂ ತೋಳನ್ನು ಚಾಚಿದ್ದರಿಂದಲೇ ಕ್ರೇನ್ ಉರುಳಬಹುದು. ಕ್ಯಾಬಿನ್ನಿನಲ್ಲಿ ಅಂಟಿಸಿರುವ ಭಾರದ ಪಟ್ಟಿಯನ್ನು ಓದಿ ಕೆಲಸ ಯೋಜಿಸುವುದು ಕ್ರೇನ್ ತರಬೇತಿಯ ತಿರುಳು.

ಮಿತಿಗಳು

ಸಿಮ್ಯುಲೇಟರ್‌ಗೆ ಸ್ಪಷ್ಟವಾದ ಮಿತಿಗಳಿವೆ. ಗಣಕಯಂತ್ರದಲ್ಲಿರುವ ಮಣ್ಣು ನಿಜವಾದ ಮಣ್ಣಿನ ಸರಳ ರೂಪ. ಮಸಾರಿ ನೆಲಕ್ಕೂ ಎರೆ ನೆಲಕ್ಕೂ ಇರುವ ಅಂತರ, ಒಣಗಿದಾಗ ಕಲ್ಲಿನಂತಿದ್ದು ಮಳೆಯಾದೊಡನೆ ಯಂತ್ರವನ್ನು ಹೂತುಕೊಳ್ಳುವ ಎರೆಯ ಸ್ವಭಾವ, ಗುಂಡಿಯ ಅಂಚು ಕುಸಿಯುವ ಮೊದಲು ಕಾಣುವ ಸಣ್ಣ ಬಿರುಕು ಇವನ್ನೆಲ್ಲ ಹೊಲದಲ್ಲೇ ಅರಿಯಬೇಕು. ಕೆಲವರಿಗೆ ಪರದೆಯ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುತ್ತದೆ. ಅನುಕರಣೆ ನಿಖರವಾಗಿಲ್ಲದಿದ್ದರೆ ತಪ್ಪು ಅಭ್ಯಾಸವೇ ಕೈಗೆ ಅಂಟುವ ಅಪಾಯವೂ ಇದೆ. ಪೆಟ್ಟಾಗುವುದಿಲ್ಲ ಎಂಬ ಅರಿವೇ ಅತಿಯಾದ ಧೈರ್ಯಕ್ಕೆ ಎಡೆಮಾಡಬಹುದು.

ಇವೆಲ್ಲಕ್ಕಿಂತ ಮುಖ್ಯವಾಗಿ, ಅನೇಕ ಅಪಘಾತಗಳ ಕಾರಣ ಲಿವರ್ ಹಿಡಿದ ಕೈಯಲ್ಲಿರುವುದಿಲ್ಲ. ದೀರ್ಘ ಪಾಳಿ, ನಿದ್ರೆಯ ಕೊರತೆ, ಗಂಟೆಯ ಲೆಕ್ಕದ ಬಾಡಿಗೆಯ ಒತ್ತಡ, ದುರಸ್ತಿಯಾಗದ ಹಿಂಬದಿ ಎಚ್ಚರಿಕೆ ಗಂಟೆ, ಸನ್ನೆ ಮಾಡುವವರಿಲ್ಲದ ಸ್ಥಳ ಇವುಗಳನ್ನು ಯಾವ ಸಿಮ್ಯುಲೇಟರೂ ಸರಿಪಡಿಸಲಾರದು. ತರಬೇತಿ ಪಡೆದ ಆಪರೇಟರ್ ‘ಈ ಸ್ಥಿತಿಯಲ್ಲಿ ಕೆಲಸ ಮಾಡಲಾಗದು’ ಎಂದಾಗ ಅದನ್ನು ಮಾಲೀಕರು ಒಪ್ಪುವ ವ್ಯವಸ್ಥೆ ಇದ್ದರೆ ಮಾತ್ರ ಕಲಿತದ್ದು ಫಲ ಕೊಡುತ್ತದೆ.

ಭಾರತದಲ್ಲಿ ಕಾನೂನು ಮತ್ತು ವ್ಯವಸ್ಥೆ

ಗಣಿಗಳಲ್ಲಿನ ಸುರಕ್ಷತೆಯ ಮೇಲ್ವಿಚಾರಣೆ ಧನಬಾದ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರಿದೆ. 1952ರ ಗಣಿ ಕಾಯ್ದೆಯ ಅಡಿಯಲ್ಲಿ 1961ರ ಲೋಹ ಗಣಿಗಳ ನಿಬಂಧನೆಗಳನ್ನೂ, ಹೊಸದಾಗಿ ಸೇರುವವರ ತರಬೇತಿಗಾಗಿ 1966ರ ಗಣಿ ವೃತ್ತಿ ತರಬೇತಿ ನಿಯಮಗಳನ್ನೂ ರೂಪಿಸಲಾಯಿತು. ಗ್ರಾನೈಟ್ ಕ್ವಾರಿಗಳೂ ಕಾನೂನಿನ ದೃಷ್ಟಿಯಲ್ಲಿ ಗಣಿಗಳೇ. ಕಟ್ಟಡ ಮತ್ತು ರಸ್ತೆ ನಿರ್ಮಾಣದ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು.

ಸಾರ್ವಜನಿಕ ರಸ್ತೆಗಿಳಿಯುವ ನಿರ್ಮಾಣ ಯಂತ್ರಗಳಿಗೆ 1988ರ ಮೋಟಾರು ವಾಹನ ಕಾಯ್ದೆಯೂ ಅನ್ವಯಿಸುತ್ತದೆ. ಆದರೆ ರಸ್ತೆಯ ಮೇಲೆ ಓಡಿಸುವ ಅರ್ಹತೆಯೇ ಬೇರೆ, ಗುಂಡಿ ತೋಡುವ ಅಥವಾ ಭಾರ ಎತ್ತುವ ಅರ್ಹತೆಯೇ ಬೇರೆ. ಚಾಲನಾ ಪರವಾನಗಿಯು ಎರಡನೆಯದಕ್ಕೆ ಸಾಕ್ಷಿಯಲ್ಲ. ಈ ಅಂತರವನ್ನು ತುಂಬಲು ಬೆಂಗಳೂರಿನಲ್ಲಿರುವ ಮೂಲಸೌಕರ್ಯ ಉಪಕರಣ ಕೌಶಲ ಮಂಡಳಿಯು ಬ್ಯಾಕ್‌ಹೋ ಲೋಡರ್ ಆಪರೇಟರ್, ಎಕ್ಸ್‌ಕವೇಟರ್ ಆಪರೇಟರ್ ಮೊದಲಾದ ಹುದ್ದೆಗಳಿಗೆ ಅರ್ಹತಾ ಮಾನದಂಡಗಳನ್ನು ರೂಪಿಸಿದೆ. ಸಾಮಾನ್ಯ ವಾಹನಗಳ ವಿಷಯದಲ್ಲಿ, 2021ರ ಜುಲೈ 1ರಿಂದ ಜಾರಿಯಾದ ನಿಯಮಗಳು ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಬೇಕೆಂದು ವಿಧಿಸಿವೆ.

2019ರಲ್ಲಿ ಕೇಂದ್ರ ಸರ್ಕಾರವು ಮಹಿಳೆಯರು ಗಣಿಗಳಲ್ಲಿ ಕೆಲಸ ಮಾಡುವುದರ ಮೇಲಿದ್ದ ಸಮಯದ ನಿರ್ಬಂಧಗಳನ್ನು ಷರತ್ತುಗಳೊಂದಿಗೆ ಸಡಿಲಿಸಿತು. ಅನಂತರ ಜಾರ್ಖಂಡಿನ ನೋವಾಮುಂಡಿ ಕಬ್ಬಿಣದ ಅದಿರಿನ ಗಣಿಯಲ್ಲಿ ಮಹಿಳೆಯರನ್ನು ಭಾರಿ ಯಂತ್ರಗಳ ಆಪರೇಟರುಗಳಾಗಿ ತರಬೇತುಗೊಳಿಸಲಾಯಿತು. ಹೆಲ್ಪರ್ ಆಗಿ ಸೇರುವ ಹಳೆಯ ದಾರಿ ಮಹಿಳೆಯರಿಗೆ ಬಹುತೇಕ ಮುಚ್ಚಿದ್ದರಿಂದ ಕೇಂದ್ರದಲ್ಲಿ ಕ್ರಮಬದ್ಧವಾಗಿ ಕಲಿಯುವ ವಿಧಾನ ಅವರಿಗೆ ಹೆಚ್ಚು ಮಹತ್ವದ್ದು.

ಕರ್ನಾಟಕವು ಇಂತಹ ಯಂತ್ರಗಳನ್ನು ಬಳಸುವ ರಾಜ್ಯವಷ್ಟೇ ಅಲ್ಲ, ತಯಾರಿಸುವ ರಾಜ್ಯವೂ ಹೌದು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆ ಕೆಜಿಎಫ್ ಮತ್ತು ಮೈಸೂರಿನ ಘಟಕಗಳಲ್ಲಿ ಡೋಜರ್, ಎಕ್ಸ್‌ಕವೇಟರ್, ಡಂಪರ್‌ಗಳನ್ನು ತಯಾರಿಸುತ್ತದೆ. ಧಾರವಾಡದಲ್ಲಿ ಟಾಟಾ ಹಿಟಾಚಿ, ಬೆಂಗಳೂರಿನಲ್ಲಿ ವೋಲ್ವೊ ಘಟಕಗಳಿವೆ.

ಕೊಪ್ಪಳ ಜಿಲ್ಲೆಯ ಸಂದರ್ಭ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಮೂಲ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ನಾಲ್ಕರಲ್ಲೂ ಯಂತ್ರಗಳ ಕೆಲಸದ ಸ್ವರೂಪ ಬೇರೆ ಬೇರೆ. ಆದ್ದರಿಂದ ಆಪರೇಟರುಗಳು ಎದುರಿಸುವ ಅಪಾಯಗಳೂ ಭಿನ್ನ.

ಕೊಪ್ಪಳ ತಾಲ್ಲೂಕಿನ ಗಿಣಿಗೇರಾ, ಬೇವಿನಹಳ್ಳಿ ಪರಿಸರದಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಅದಿರು ತುಂಬುವ ಲೋಡರ್‌ಗಳು, ಸಾಲುಸಾಲು ಟಿಪ್ಪರ್‌ಗಳು, ಕಾರ್ಖಾನೆಯ ಸೂರಿನಡಿ ಚಲಿಸುವ ಕ್ರೇನ್‌ಗಳು ಅಲ್ಲಿ ಹಗಲಿರುಳು ದುಡಿಯುತ್ತವೆ. ಗಂಗಾವತಿಯು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಕಾಲುವೆಯ ಹೂಳೆತ್ತುವುದು, ಗದ್ದೆ ಸಮತಟ್ಟು ಮಾಡುವುದು, ಸುಗ್ಗಿಯಲ್ಲಿ ಭತ್ತ ಕೊಯ್ಯುವ ಯಂತ್ರಗಳ ಓಡಾಟ ಅಲ್ಲಿನ ಕೆಲಸ. ಹಸಿ ನೆಲ, ಕಾಲುವೆಯ ಅಂಚು ಮತ್ತು ಹೊಲಗಳ ಮೇಲೆ ಹಾದುಹೋದ ವಿದ್ಯುತ್ ತಂತಿಗಳು ಅಲ್ಲಿನ ಅಪಾಯ. ಕುಷ್ಟಗಿಯು ನೆರೆಯ ಇಳಕಲ್ಲಿನಂತೆ ಕೆಂಬಣ್ಣದ ಗ್ರಾನೈಟಿಗೆ ಹೆಸರಾಗಿದೆ. ಹತ್ತಾರು ಟನ್ ತೂಗುವ ಕಲ್ಲಿನ ದಿಮ್ಮಿಯನ್ನು ಬಂಡೆಯಿಂದ ಬೇರ್ಪಡಿಸಿ, ಉರುಳಿಸಿ, ಲಾರಿಗೆ ಏರಿಸುವ ಕೆಲಸದಲ್ಲಿ ಒಂದು ಕ್ಷಣದ ಅಜಾಗರೂಕತೆಗೂ ಕ್ಷಮೆಯಿಲ್ಲ. ಯಲಬುರ್ಗಾ ಮತ್ತು ಕುಷ್ಟಗಿಯ ಬಯಲುಗಳಲ್ಲಿ ಗಾಳಿ ವಿದ್ಯುತ್ ಗೋಪುರಗಳು ತಲೆಯೆತ್ತಿವೆ. ಅವುಗಳ ರೆಕ್ಕೆಗಳನ್ನು ಎತ್ತರಕ್ಕೆ ಏರಿಸುವ ಕ್ರೇನ್‌ಗಳಿಗೆ, ವಿದ್ಯುತ್ ಉತ್ಪಾದನೆಗೆ ಅನುಕೂಲವಾದ ಗಾಳಿಯೇ ಶತ್ರು. ಗದಗ–ವಾಡಿ ರೈಲುಮಾರ್ಗದ ಕಾಮಗಾರಿಯೂ ಈ ತಾಲ್ಲೂಕುಗಳ ಮೂಲಕ ಸಾಗಿದ್ದು, 2025ರಲ್ಲಿ ಕುಷ್ಟಗಿಗೆ ರೈಲು ಸಂಚಾರ ಆರಂಭವಾಯಿತು.

ಜಿಲ್ಲೆಯ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟು ಯಂತ್ರಬಳಕೆಯ ಎರಡು ಕಾಲಗಳನ್ನು ಕಂಡಿದೆ. 1945ರಲ್ಲಿ ಆರಂಭವಾಗಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ಈ ಕಲ್ಲುಕಟ್ಟಡದ ಅಣೆಕಟ್ಟನ್ನು ಬಹುಪಾಲು ಮಾನವ ಶ್ರಮದಿಂದಲೇ ಕಟ್ಟಲಾಯಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ರಭಸದಿಂದ ಹರಿಯುತ್ತಿರುವಾಗಲೇ, 60 ಅಡಿ ಅಗಲದ ಆ ಬಾಯಿಗೆ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಕ್ರೇನ್‌ಗಳಿಂದ ಒಂದರ ಮೇಲೊಂದರಂತೆ ಇಳಿಸಲಾಯಿತು. ಆಗಸ್ಟ್ 16ರಂದು ಮೊದಲ ತುಂಡು ಕೂರಿತು. ಇಂತಹ ಕೆಲಸ ಆಪರೇಟರ್‌ನ ಜೀವನದಲ್ಲಿ ಒಮ್ಮೆ ಬರುವಂಥದ್ದು. ಬಂದಾಗ ತಾಲೀಮಿಗೆ ಸಮಯವಿರುವುದಿಲ್ಲ. ಗಾಳಿ, ನೀರಿನ ಸೆಳೆತ, ಕಾಣದ ತಳ ಇವುಗಳ ನಡುವೆ ಭಾರ ಇಳಿಸುವುದನ್ನು ಮುಂಚಿತವಾಗಿ ಅಭ್ಯಾಸ ಮಾಡುವ ಅವಕಾಶವು ಸಿಮ್ಯುಲೇಟರ್ ತರಬೇತಿಯ ಬಹುದೊಡ್ಡ ಪ್ರಯೋಜನಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಇವನ್ನೂ ನೋಡಿ

ಕೊಪ್ಪಳ ಜಿಲ್ಲೆ
ತುಂಗಭದ್ರಾ ಅಣೆಕಟ್ಟು
ಬಿಇಎಂಎಲ್
ಗ್ರಾನೈಟ್
ಎಕ್ಸ್‌ಕವೇಟರ್